ಚೌಕ ತೂತಿನ ಚರಿತ್ರೆ

ಬೆಳ್ಳಿಹಬ್ಬದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಕಾರ್ಯದರ್ಶಿಗಳು ಹೇಳಿದರು. ಷೇರು, ಸಾಲ, ಠೇವಣಿ ಲೆಕ್ಕವೆಲ್ಲ ವರದಿಯಲ್ಲಿ ಹೇಗೂ ಇರ್ತದೆ. ನಾನು ನಮ್ಮ ಷೆಡ್ಡಿನಲ್ಲಿರುವ ಚೌಕ ತೂತಿನ ಮಿಷನ್ನಿನ ಚರಿತ್ರೆ ಬರೆಯುತ್ತೇನೆ.

ಒಂದು ಮರದಲ್ಲಿ ಚೌಕ ತೂತು, ಇನ್ನೊಂದರ ತುದಿಯಲ್ಲಿ ಅದಕ್ಕೆ ತಕ್ಕ ನಾಲಿಗೆ. ಬಾಗಿಲ ಚೌಕಟ್ಟು, ಕುಂಟೆ ದಿಂಡು, ಗಾಡಿ ಗುಂಬ ಎಲ್ಲಾ ನಿಂತಿರುವುದು ಇದರ ಮೇಲೆ. ಜರ್ಮನಿಯ ಲೈಪ್‌ಜಿಗ್ ಸುತ್ತಮುತ್ತ ಸಿಕ್ಕ ಮರದ ಬಾವಿಕಟ್ಟುಗಳಲ್ಲಿ 7,000 ವರ್ಷದ ಹಿಂದೆಯೇ ಇಂಥ ಜೋಡಣೆ ಇತ್ತು. ಆಗ ಕಬ್ಬಿಣವೇ ಇರಲಿಲ್ಲ, ಕಲ್ಲಿನ ಬಾಚಿಯಲ್ಲಿ ಮಾಡಿದ್ದರು. ಆಮೇಲೆ ಬೈರಿಗೆ, ಉಳಿ, ಕೊಡತಿ ಬಂದವು.

ಮಿಷನ್ನು ಬಂದದ್ದು ಹಡಗಿನಿಂದ. ಹಾಯಿಹಗ್ಗ ಎಳೆಯುವ ಮರದ ರಾಟೆಗಳು ಇಂಗ್ಲೆಂಡಿನ ನೌಕಾಪಡೆಗೆ ವರ್ಷಕ್ಕೆ ಲಕ್ಷದಷ್ಟು ಬೇಕಾಗಿದ್ದವು. ಫ್ರಾನ್ಸಿನಲ್ಲಿ ಹುಟ್ಟಿದ ಮಾರ್ಕ್ ಬ್ರುನೆಲ್ ಯೋಜನೆ ಹಾಕಿದ, ಹೆನ್ರಿ ಮಾಡ್ಸ್‌ಲೆ ಯಂತ್ರ ಮಾಡಿಕೊಟ್ಟ. 1803ರಿಂದ 1805ರೊಳಗೆ ಅವು ಪೋರ್ಟ್ಸ್‌ಮತ್‌ನಲ್ಲಿ ನಿಂತವು. ಮೊದಲು ಒಂದು ಯಂತ್ರ ದುಂಡು ತೂತು ಕೊರೆಯೋದು. ಇನ್ನೊಂದರಲ್ಲಿ ಉಳಿ ಮೇಲೆ ಕೆಳಗೆ ಆಡಿ ಅದನ್ನು ಉದ್ದ ಮಾಡೋದು. 110 ಜನರ ಕೆಲಸ 10 ಜನರಿಂದ ಆಯಿತು.

ಸಾಲದ ಸಂಘದವರು ಮುಂದಿನ ಕಥೆಯನ್ನೂ ಕೇಳಬೇಕು. ಬ್ರುನೆಲ್‌ನ ಸ್ವಂತ ಮರದ ಮಿಲ್ಲು 1814ರಲ್ಲಿ ಸುಟ್ಟಿತು. ಸೈನ್ಯಕ್ಕೆಂದು ಮಾಡಿಸಿದ ಬೂಟುಗಳು ಯುದ್ಧ ಮುಗಿದು ಹಾಗೇ ಉಳಿದವು. 1821ರಲ್ಲಿ ಸಾಲಕ್ಕಾಗಿ ಜೈಲು ಸೇರಿದ. ಸರ್ಕಾರ 5,000 ಪೌಂಡು ಕೊಟ್ಟು ಬಿಡಿಸಿತು. ಬುದ್ಧಿ ಇದ್ದವನಿಗೂ ಸಾಲದ ಲೆಕ್ಕ ತಪ್ಪಿದರೆ ಇದೇ ಗತಿ. 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದ್ದು ಸುಮ್ಮನೆ ಅಲ್ಲ.

ಈಗಿನ ಮಿಷನ್ನಿನಲ್ಲಿ ಉಳಿಯೇ ಚೌಕ ಕೊಳವೆ. ಒಳಗೆ ಬೈರಿಗೆ ತಿರುಗಿ ಮರ ತೆಗೀತದೆ, ಹೊರಗಿನ ಉಳಿ ಮೂಲೆ ಸವರುತ್ತದೆ. ಬೈರಿಗೆ ತುದಿ ಉಳಿಗಿಂತ ಒಂದೂವರೆ ಮಿಲಿಮೀಟರಿನಷ್ಟು ಕೆಳಗೆ ಇರಬೇಕು. ಇದು ತಿಳಿಯದೆ ಮೊದಲ ದಿನ ನಾನೇ ಎರಡನ್ನೂ ಒತ್ತಿ ಬಿಗಿದೆ. ಹೊಗೆ ಎದ್ದು ಹೊಸ ಉಳಿ ನೀಲಿಗಟ್ಟಿತು. ಸಂಘದ ದುಡ್ಡು ಹೋಯಿತಲ್ಲಾ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ.

ದಾರಿ ತೋರಿಸಿದವರು, ಮಿಷನ್ನು ಬೇಡವೇ ಬೇಡ ಎಂದಿದ್ದ ನಮ್ಮೂರ ಹಿರಿಯ ಆಚಾರ್ರು. ಉಳಿಯ ಭುಜದ ಮೇಲೆ ಒಂದು ನಾಣ್ಯ ಇಟ್ಟು ಉಳಿ ಬಿಗಿಯಬೇಕು. ಬೈರಿಗೆಯನ್ನು ಉಳಿಗೆ ತಾಗುವಷ್ಟು ಮೇಲೆತ್ತಿ ಬಿಗಿಯಬೇಕು. ಆಮೇಲೆ ನಾಣ್ಯ ತೆಗೆದು ಉಳಿಯನ್ನು ಪೂರ್ತಿ ಮೇಲಕ್ಕೆ ಒತ್ತಬೇಕು. ನಾಣ್ಯದ ದಪ್ಪದಷ್ಟೇ ಸಂದು ಉಳೀತದೆ. ಕೊರೆಯುವಾಗ ಎರಡು ತುದಿ ಮೊದಲು, ನಡುವೆ ಬಿಟ್ಟು ಬಿಟ್ಟು ಹೊಡೆದು, ಉಳಿದದ್ದು ಕೊನೆಗೆ. ಇಲ್ಲದಿದ್ದರೆ ಉಳಿ ಒಂದು ಕಡೆ ವಾಲುತ್ತದೆ. ಸಿಪ್ಪೆ ತೆಗೆಯುವ ಮೊದಲು ಸ್ವಿಚ್ ಆರಿಸಲೇಬೇಕು.

ಹತ್ತು ಜನ ಸಾಕಾದರೆ ಉಳಿದ ನೂರು ಜನ ಎಲ್ಲಿಗೆ ಹೋಗಬೇಕು? ಆಚಾರ್ರ ಭಯ ಅದೇ ಆಗಿತ್ತು. ಅದಕ್ಕೇ ಮಿಷನ್ನು ನಡೆಸುವ ಹಕ್ಕು ಊರಿನ ಬಡಗಿ ಸದಸ್ಯರಿಗೇ, ಸಂಘಕ್ಕೆ ಬಾಡಿಗೆ ಮಾತ್ರ ಎಂದು ಸಭೆಯಲ್ಲಿ ತೀರ್ಮಾನ ಮಾಡಿದೆವು. ಮುಂದೆ ಬರುವ ಆಡಳಿತ ಮಂಡಳಿಯವರೂ ಇದನ್ನು ಮುರಿಯದಿರಲಿ ಎಂದು ಕೋರುತ್ತೇನೆ.