ಶುಶ್ರೂಷಾ ಸಂಶೋಧನೆ: ವಿದ್ಯಾರ್ಥಿಗಳ ಒತ್ತಡ ಮತ್ತು ನಿದ್ರೆ

ರಾಜಾಜಿನಗರ, ವಿಜಯನಗರದಿಂದ ಕೆಂಗೇರಿಯವರೆಗೆ ಪಶ್ಚಿಮ ಬೆಂಗಳೂರಿನಲ್ಲಿ ನರ್ಸಿಂಗ್ ಕಾಲೇಜುಗಳು ಹಲವು. ರಾಜ್ಯದ ಬಹುಪಾಲು ನರ್ಸಿಂಗ್ ಕಾಲೇಜುಗಳು 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿವೆ. ಇಲ್ಲಿನ ಎಂ.ಎಸ್ಸಿ. ನರ್ಸಿಂಗ್ ಪದವಿಗೆ ಸಂಶೋಧನಾ ಪ್ರಬಂಧ ಕಡ್ಡಾಯ. ವಿದ್ಯಾರ್ಥಿಗಳ ಒತ್ತಡ ಮತ್ತು ನಿದ್ರೆ, ಮಕ್ಕಳ ಬೆಳವಣಿಗೆಯ ಬಗ್ಗೆ ತಾಯಂದಿರ ಅರಿವು ಇಂತಹ ಪ್ರಬಂಧಗಳಲ್ಲಿ ಮತ್ತೆ ಮತ್ತೆ ಕಾಣುವ ವಿಷಯಗಳು.

ಅಳತೆ: ಅಮೆರಿಕದ ಶೆಲ್ಡನ್ ಕೋಹೆನ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ಒತ್ತಡ ಮಾಪಕವು ಹಿಂದಿನ ಒಂದು ತಿಂಗಳ ಅನುಭವವನ್ನು ವಿಚಾರಿಸುತ್ತದೆ. ಅದರ 10 ಪ್ರಶ್ನೆಗಳ ರೂಪದಲ್ಲಿ ಗರಿಷ್ಠ ಅಂಕ 40. 1989ರ ಪಿಟ್ಸ್‌ಬರ್ಗ್ ನಿದ್ರಾ ಸೂಚ್ಯಂಕದ ಗರಿಷ್ಠ ಅಂಕ 21. 5ನ್ನು ಮೀರಿದರೆ ನಿದ್ರೆಯ ಗುಣಮಟ್ಟ ಕಳಪೆಯೆಂದು ಪರಿಗಣಿಸಲಾಗುತ್ತದೆ.

ಮಿತಿ: ಒಮ್ಮೆ ಮಾತ್ರ ಪ್ರಶ್ನಾವಳಿ ತುಂಬಿಸುವ ಅಧ್ಯಯನವು ಒತ್ತಡ ಮತ್ತು ನಿದ್ರಾಹೀನತೆ ಒಟ್ಟಿಗೆ ಇವೆಯೆಂದು ತೋರಿಸಬಲ್ಲದು; ಯಾವುದು ಯಾವುದಕ್ಕೆ ಕಾರಣವೆಂದು ಹೇಳಲಾರದು. ಪರೀಕ್ಷೆಯ ವಾರದಲ್ಲಿ ವಿಚಾರಿಸಿದರೆ ಅಂಕ ಏರುವ ಸಾಧ್ಯತೆಯೂ ಉಂಟು. ಒಂದೇ ತಂಡವನ್ನು ವರ್ಷವಿಡೀ ಹಲವು ಬಾರಿ ಪರೀಕ್ಷಿಸುವುದು ಇದಕ್ಕೆ ಪರಿಹಾರ.

ಮಹತ್ವ: ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆಗಳ ನಿದ್ರೆ ಅವಶ್ಯಕ. ನರ್ಸಿಂಗ್ ವಿದ್ಯಾರ್ಥಿಗಳಿಗೆ ತರಗತಿಯ ಪಾಠದ ಜತೆಗೆ ವಾರ್ಡಿನ ಪಾಳಿಯೂ ಇರುತ್ತದೆ. ಔಷಧದ ಪ್ರಮಾಣ ಲೆಕ್ಕಹಾಕುವ ಕೈಗೆ ನಿದ್ರೆ ಸಾಲದಿದ್ದರೆ ಅದರ ಫಲವನ್ನು ಅನುಭವಿಸಬೇಕಾದವರು ರೋಗಿಗಳು.