ಗೋಧಿಹೊಲದ ನಡುವೆ ಒಂದು ಮೀಟರ್ ದಾರಿ

ಇಂಗ್ಲೆಂಡಿನಲ್ಲಿ ಅತ್ತ ಪೇಟೆಯೂ ಅಲ್ಲದ ಇತ್ತ ಹಳ್ಳಿಯೂ ಅಲ್ಲದ ಊರುಗಳು ಬೇಕಾದಷ್ಟಿವೆ. ಲಂಡನ್ನಿನಿಂದ ವಾಯವ್ಯಕ್ಕೆ ಹೊರಟ ಮೆಟ್ರೊಪಾಲಿಟನ್ ರೈಲು 1887ರಲ್ಲಿ ರಿಕ್‌ಮನ್ಸ್‌ವರ್ತ್ ಮುಟ್ಟಿತು, 1892ರಲ್ಲಿ ಅಮರ್‌ಶಮ್‌ಗೆ ಬಂತು. 1915ರಲ್ಲಿ ಕಂಪನಿ ಆ ಸೀಮೆಗೆ ‘ಮೆಟ್ರೋಲ್ಯಾಂಡ್’ ಎಂದು ಹೆಸರಿಟ್ಟು ಪುಸ್ತಿಕೆ ಹಂಚಿತು. ಹಳಿಯ ಆಸುಪಾಸಿನ ಹೊಲಗಳಲ್ಲಿ ಜೋಡಿಮನೆಗಳ ಸಾಲುಗಳು ಎದ್ದವು. ಮನೆಯ ಮುಂಬಾಗಿಲು ಡಾಂಬರು ರಸ್ತೆಗೆ, ಹಿತ್ತಿಲು ಗೋಧಿಹೊಲಕ್ಕೆ. ಬೆಳಿಗ್ಗೆ ಲಂಡನ್ನಿನ ಕಚೇರಿ, ಸಂಜೆ ಹಾಥಾರ್ನ್ ಬೇಲಿಯ ಮೇಲೆ ಹಕ್ಕಿಯ ದನಿ. ಇಂಥ ಊರಿಗೆ ಹಳ್ಳಿತನ ಎಲ್ಲಿಂದ ಬಂತು ಎಂದು ಕೇಳಿದರೆ ಹೆಚ್ಚಿನವರು ಸುತ್ತಲಿನ ಹಸಿರನ್ನು ತೋರಿಸುತ್ತಾರೆ, ಅದನ್ನು ಕಾಯುವ ಗ್ರೀನ್ ಬೆಲ್ಟ್ ಕಾನೂನನ್ನು ಹೊಗಳುತ್ತಾರೆ. ಈ ಉತ್ತರ ಅರ್ಧ ಮಾತ್ರ ಸರಿ. 1938ರ ಕಾಯಿದೆ, 1947ರ ನಗರ-ಗ್ರಾಮ ಯೋಜನಾ ಕಾಯಿದೆ, 1955ರ ಸರ್ಕಾರಿ ಸುತ್ತೋಲೆ ಇವೆಲ್ಲ ಸೇರಿ ಹೊಲಗಳ ಮೇಲೆ ಮನೆ ಏಳದಂತೆ ತಡೆದವು, ನಿಜ. ಆದರೆ ಗ್ರೀನ್ ಬೆಲ್ಟ್ ಎಂದು ಗುರುತು ಬಿದ್ದ ಮಾತ್ರಕ್ಕೆ ಆ ನೆಲದಲ್ಲಿ ಕಾಲಿಡುವ ಹಕ್ಕು ಯಾರಿಗೂ ಬರುವುದಿಲ್ಲ. ಹೊಲ ಖಾಸಗಿಯಾಗಿಯೇ ಉಳಿಯುತ್ತದೆ. ಕಿಟಕಿಯಿಂದ ಹಸಿರು ಕಾಣುವುದು ಬೇರೆ, ಆ ಹಸಿರಿನ ನಡುವೆ ನಡೆಯುವುದು ಬೇರೆ. ಎರಡನೆಯದನ್ನು ಕೊಡುವುದು ಕಾಲುದಾರಿ. ಇಂಗ್ಲೆಂಡಿನ ಅರೆಹಳ್ಳಿಗಳು ಬರೀ ಹಸಿರು ನೋಟವಿರುವ ಬಡಾವಣೆಗಳಾಗದೆ ಉಳಿದದ್ದು ಅದರಿಂದಲೇ ಎಂಬುದು ನನ್ನ ವಾದ.

ಆ ದಾರಿಯನ್ನು ಹತ್ತಿರದಿಂದ ನೋಡಬೇಕು. ರಸ್ತೆಯಂಚಿನಲ್ಲಿ ಒಂದು ಕೈಮರ. ಬೇಲಿಯ ನಡುವೆ ಹತ್ತಿ ಇಳಿಯಲು ಅಡ್ಡ ಹಲಗೆ ಬಡಿದ ಮರದ ಮೆಟ್ಟಿಲು, ಅವರ ಮಾತಿನಲ್ಲಿ ‘ಸ್ಟೈಲ್’: ಮನುಷ್ಯ ದಾಟಬಹುದು, ದನ ದಾಟದು. ಗೂಟದ ಮೇಲೆ ಹಳದಿ ಬಾಣದ ಗುರುತು. ಆಚೆ ದಾರಿ ನೇರ ಬೆಳೆಯ ನಡುವೆಯೇ ಹಾದುಹೋಗುತ್ತದೆ. ಅಂಚಿನಲ್ಲಿ ಸುತ್ತಿಹೋಗಿ ಎನ್ನುವ ಅಧಿಕಾರ ರೈತನಿಗಿಲ್ಲ. ಅಡ್ಡ ಹಾಯುವ ಕಾಲುದಾರಿಯನ್ನು ಅವನು ಉಳಬಹುದು, ಆದರೆ ಹದಿನಾಲ್ಕು ದಿನದೊಳಗೆ ಅದನ್ನು ಮತ್ತೆ ಸಮಮಾಡಿ ಗೆರೆ ಕಾಣುವಂತೆ ಬಿಡಬೇಕು. ಬೆಳೆ ಎದ್ದ ಮೇಲೂ ಕನಿಷ್ಠ ಒಂದು ಮೀಟರ್ ಅಗಲ ತೆರವಾಗಿರಬೇಕು. ಜೂನ್ ತಿಂಗಳಲ್ಲಿ ಸೊಂಟದೆತ್ತರದ ಗೋಧಿಯ ನಡುವೆ ಬೈತಲೆ ತೆಗೆದಂತೆ ಕಾಣುವ ಆ ಗೆರೆ ಯಾರ ಔದಾರ್ಯದ ಗುರುತೂ ಅಲ್ಲ. ಕಾನೂನಿನ ಕಣ್ಣಿನಲ್ಲಿ ಅದೂ ಹೆದ್ದಾರಿಯಷ್ಟೇ ಗಟ್ಟಿಯಾದ ಸಾರ್ವಜನಿಕ ದಾರಿ. ಒಮ್ಮೆ ದಾರಿಯಾದದ್ದು ಎಂದಿಗೂ ದಾರಿಯೇ ಎಂಬುದು ಅಲ್ಲಿನ ನ್ಯಾಯಾಲಯಗಳ ಹಳೆಯ ಸೂತ್ರ.

ಈ ಗಟ್ಟಿತನ ತಾನಾಗಿ ಬಂದದ್ದಲ್ಲ. 1604ರಿಂದ 1914ರವರೆಗೆ ಪಾರ್ಲಿಮೆಂಟು 5,200ಕ್ಕೂ ಹೆಚ್ಚು ಆವರಣ ಕಾಯಿದೆಗಳನ್ನು ಮಾಡಿ ಸುಮಾರು 68 ಲಕ್ಷ ಎಕರೆಗೆ, ಅಂದರೆ ಇಂಗ್ಲೆಂಡಿನ ಐದನೇ ಒಂದು ಭಾಗಕ್ಕೆ, ಬೇಲಿ ಹಾಕಿಸಿತು. ನಮ್ಮ ಗೋಮಾಳದಂತಿದ್ದ ಊರೊಟ್ಟಿನ ಹುಲ್ಲುಗಾವಲುಗಳೂ ಎಲ್ಲರೂ ಕೂಡಿ ಉಳುತ್ತಿದ್ದ ಬಯಲು ಹೊಲಗಳೂ ಒಬ್ಬೊಬ್ಬರ ಪಾಲಾದವು. ಯಾವ ದಾರಿ ಉಳಿಯಬೇಕೆಂದು ತೀರ್ಮಾನಿಸಿದವರು ಆವರಣದ ಕಮಿಷನರುಗಳು. ಅವರ ಪಟ್ಟಿಗೆ ಬಾರದ ದಾರಿ ಬಹುಮಟ್ಟಿಗೆ ಅಳಿಯಿತು. ಆಗ ನಾರ್ತ್‌ಹ್ಯಾಂಪ್ಟನ್‌ಶೈರಿಗೆ ಸೇರಿದ್ದ ಹೆಲ್ಪ್‌ಸ್ಟನ್ ಊರಿಗೆ 1809ರಲ್ಲಿ ಇಂಥ ಕಾಯಿದೆ ಬಂತು. ಆ ಊರಿನ ಕೂಲಿಕಾರ ಕವಿ ಜಾನ್ ಕ್ಲೇರ್ ತಾನು ಬಾಲ್ಯದಿಂದ ಅಲೆದಾಡಿದ ಬಯಲು ಕೈತಪ್ಪಿದ ನೋವನ್ನು ಬದುಕಿನುದ್ದಕ್ಕೂ ಬರೆದ. ಅದರ ಮೇಲೆ 1815ರ ಕಾಯಿದೆ: ಇಬ್ಬರು ಮ್ಯಾಜಿಸ್ಟ್ರೇಟರು ಅನಗತ್ಯ ಎಂದರೆ ಸಾಕು, ಕಾಲುದಾರಿ ಮುಚ್ಚಬಹುದು. ಮ್ಯಾಜಿಸ್ಟ್ರೇಟರಾಗುತ್ತಿದ್ದವರು ಬಹುಪಾಲು ಜಮೀನ್ದಾರರೇ. ಒಬ್ಬರ ತೋಟದ ದಾರಿಯನ್ನು ಮುಚ್ಚಿಸಲು ಪಕ್ಕದ ಜಮೀನ್ದಾರರು ಸಹಿ ಹಾಕುವುದು, ಮುಂದೆ ಅವರ ಸರದಿ ಬಂದಾಗ ಇವರು ಹಾಕುವುದು ಎಷ್ಟು ಸುಲಭವಿತ್ತೆಂದು ಊಹಿಸಬಹುದು.

ಇದಕ್ಕೆ ತಿರುಗಿಬಿದ್ದವರು ಯಾರು ಎಂಬುದನ್ನು ಗಮನಿಸಬೇಕು, ಏಕೆಂದರೆ ಕಾಲುದಾರಿ ಎಂದರೆ ಉಳ್ಳವರ ವಾಯುವಿಹಾರ ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ಮ್ಯಾಂಚೆಸ್ಟರ್ ಬಳಿಯ ಫ್ಲಿಕ್ಸ್‌ಟನ್‌ನಲ್ಲಿ ಮುಚ್ಚಿದ ದಾರಿಯೊಂದರ ಜಗಳದಿಂದ 1826ರಲ್ಲಿ ಪುರಾತನ ಕಾಲುದಾರಿಗಳ ರಕ್ಷಣಾ ಸಂಘ ಹುಟ್ಟಿತು. 1896ರ ಸೆಪ್ಟೆಂಬರಿನಲ್ಲಿ ಬೋಲ್ಟನ್ ಪಟ್ಟಣದ ಹತ್ತಿರ ವಿಂಟರ್ ಹಿಲ್ ಗುಡ್ಡದ ದಾರಿಗೆ ಜಮೀನ್ದಾರ ಗೇಟು ಹಾಕಿದಾಗ, ಗಿರಣಿ ಪಟ್ಟಣದ ಜನ ಸಾವಿರಾರು ಸಂಖ್ಯೆಯಲ್ಲಿ ಮೆರವಣಿಗೆ ಹೋಗಿ ಆ ಗೇಟು ದಾಟಿದರು. ಮರುವರ್ಷ ಕೋರ್ಟಿನಲ್ಲಿ ಸೋತರು ಎಂಬುದೂ ನಿಜ. ಅವರಿಗೆ ಈ ದಾರಿಗಳು ಗಿರಣಿಗೆ, ಗಣಿಗೆ, ಚರ್ಚಿಗೆ, ಶಾಲೆಗೆ ಹೋಗುವ ಹತ್ತಿರದ ದಾರಿಗಳು. ಭಾನುವಾರದ ಗಾಳಿ ಸೇವನೆ ಆಮೇಲಿನ ಮಾತು. 1894ರಲ್ಲಿ ಊರ ಮಟ್ಟದ ಪ್ಯಾರಿಷ್ ಕೌನ್ಸಿಲ್‌ಗಳು ಬಂದಾಗ, ದಾರಿ ಮುಚ್ಚಲು ಇಲ್ಲವೇ ತಿರುಗಿಸಲು ಅವುಗಳ ಒಪ್ಪಿಗೆ ಬೇಕೆಂಬ ನಿಯಮವೂ ಬಂತು. 1932ರ ಕಾಯಿದೆ ಇನ್ನೂ ದೊಡ್ಡ ತಿರುವು: ಇಪ್ಪತ್ತು ವರ್ಷ ತಡೆಯಿಲ್ಲದೆ, ಕದ್ದುಮುಚ್ಚದೆ, ಯಾರ ಅಪ್ಪಣೆಯನ್ನೂ ಕೇಳದೆ ಜನ ನಡೆದಿದ್ದರೆ, ಒಡೆಯ ತನಗೆ ಅದನ್ನು ಜನರಿಗೆ ಬಿಟ್ಟುಕೊಡುವ ಉದ್ದೇಶ ಇರಲಿಲ್ಲವೆಂದು ತೋರಿಸದ ಹೊರತು, ಅದು ಸಾರ್ವಜನಿಕ ದಾರಿ. ಆಸ್ತಿಯ ಹಕ್ಕಿಗೆ ಅಷ್ಟೊಂದು ಮರ್ಯಾದೆ ಕೊಡುವ ದೇಶದಲ್ಲಿ ಸವೆದ ಹುಲ್ಲಿಗೂ ಸಾಕ್ಷಿಯ ಬೆಲೆ ಬಂತು. 1949ರ ಕಾಯಿದೆ ಇದನ್ನು ನಕಾಶೆಗೆ ಇಳಿಸಿತು. ಪ್ಯಾರಿಷ್‌ನವರು ಹೊಲ ಹೊಲ ತಿರುಗಿ ದಾರಿ ಗುರುತಿಸಿದರು, ಕೌಂಟಿ ಕೌನ್ಸಿಲ್ ಅಧಿಕೃತ ನಕಾಶೆ ಮಾಡಿತು. ಕೆಲವು ಕಡೆ ಈ ಕೆಲಸ ಶ್ರದ್ಧೆಯಿಂದ ನಡೆಯಿತು, ಕೆಲವು ಕಡೆ ಕಾಟಾಚಾರಕ್ಕೆ. ಬಿಟ್ಟುಹೋದ ದಾರಿಗಳ ತಕರಾರು ಇಂದಿಗೂ ಮುಗಿದಿಲ್ಲ.

ಗ್ರೀನ್ ಬೆಲ್ಟ್ ಇಲ್ಲದಿದ್ದರೆ ಹೊಲವೇ ಉಳಿಯುತ್ತಿರಲಿಲ್ಲ, ಆಗ ನಿಮ್ಮ ಕಾಲುದಾರಿ ಎಲ್ಲಿರುತ್ತಿತ್ತು ಎಂದು ಕೇಳಬಹುದು. ಉತ್ತರ ಆ ಊರುಗಳಲ್ಲಿಯೇ ಕಣ್ಣಿಗೆ ಬೀಳುತ್ತದೆ. ಬಡಾವಣೆಯ ರಸ್ತೆಗಳು ಅಚ್ಚುಕಟ್ಟಾಗಿ ಬಾಗಿರುತ್ತವೆ. ನಡುವೆ ಮಾತ್ರ ಎರಡು ಹಿತ್ತಿಲ ಬೇಲಿಗಳ ಸಂದಿಯಲ್ಲಿ ಒಬ್ಬರು ಹೋಗುವಷ್ಟು ಅಗಲದ ಓಣಿಯೊಂದು ಯಾವ ನಕ್ಷೆಗೂ ಒಗ್ಗದೆ ಓರೆಯಾಗಿ ಸಾಗುತ್ತದೆ. ಬಹಳ ಕಡೆ ಅದು ಹೊಲದ ಹಳೆಯ ದಾರಿ. ಮನೆ ಕಟ್ಟಿದವರಿಗೆ ಹೊಲ ಮಾರಿದ್ದು ನಿಜ, ಆದರೆ ಜನರ ದಾರಿಯನ್ನು ಮಾರುವ ಹಕ್ಕು ಹೊಲದ ಒಡೆಯನಿಗೆ ಇರಲೇ ಇಲ್ಲ. ಸಸೆಕ್ಸ್‌ನವರು ಇಂಥ ಓಣಿಯನ್ನು ‘ಟ್ವಿಟನ್’ ಎನ್ನುತ್ತಾರೆ, ಯಾರ್ಕ್‌ಶೈರಿನವರು ‘ಗಿನ್ನೆಲ್’ ಅಥವಾ ‘ಸ್ನಿಕೆಟ್’, ಲೆಸ್ಟರ್ ಕಡೆಯವರು ‘ಜಿಟ್ಟಿ’. ಒಂದು ಸಂದಿಗೆ ಇಷ್ಟು ಹೆಸರಿರಬೇಕಾದರೆ ಅದು ದಿನಬಳಕೆಯ ವಸ್ತುವೇ ಆಗಿರಬೇಕು. ಹೊಲ ಹೋದ ಮೇಲೂ ದಾರಿ ಉಳಿಯಿತು. ಮಕ್ಕಳು ಶಾಲೆಗೆ, ಮುದುಕರು ಅಂಗಡಿಗೆ ಅದರಲ್ಲೇ ಹೋಗುತ್ತಾರೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು. ಸ್ಕಾಟ್ಲೆಂಡ್ 2003ರಲ್ಲಿ ಬಹುಪಾಲು ನೆಲ-ನೀರಿನ ಮೇಲೆ ಜವಾಬ್ದಾರಿಯಿಂದ ಓಡಾಡುವ ಹಕ್ಕನ್ನೇ ಕೊಟ್ಟಿದೆ. ಅದರ ಮುಂದೆ ಒಂದು ಮೀಟರಿನ ಗೆರೆಯನ್ನು ಕೊಂಡಾಡುವುದು ಚಿಲ್ಲರೆಗೆ ತೃಪ್ತಿಪಟ್ಟಂತಲ್ಲವೇ? ಇಂಗ್ಲೆಂಡಿಗೂ ಅಂಥ ಹಕ್ಕು ಬಂದರೆ ನನಗೆ ಸಂತೋಷವೇ. ಆದರೆ ಅಲ್ಲಿ ಜನರ ಓಡಾಟಕ್ಕೆಂದು 2000ದ ಕಾಯಿದೆ ತೆರೆದುಕೊಟ್ಟ ನೆಲ ದೇಶದ ಶೇ. 8ರಷ್ಟು, ಅದೂ ಮುಖ್ಯವಾಗಿ ಬೆಟ್ಟ, ಬೋಳುಗುಡ್ಡ, ಕುರುಚಲು ಬಯಲು. ಜನ ವಾಸಿಸುವ ತಗ್ಗುಸೀಮೆಯ ಉಳುವ ಹೊಲಗಳಿಗೆ ಅದರಿಂದ ಆದದ್ದು ಕಡಿಮೆ. ಕೆಲಸ ಮುಗಿಸಿ ಬಂದವಳು ಕತ್ತಲಾಗುವ ಮುನ್ನ ಒಂದು ಸುತ್ತು ಹೋಗಿಬರಲು ಬಾಗಿಲ ಬಳಿ ಸಿಗುವುದು ಆ ಗೆರೆಯೇ. ರೈತರ ದೂರನ್ನೂ ತಳ್ಳಿಹಾಕುವಂತಿಲ್ಲ: ಗೇಟು ಹಾಕದೆ ಹೋಗುವವರಿದ್ದಾರೆ, ಮರಿ ಹಾಕುವ ಕಾಲದಲ್ಲಿ ಕುರಿಗಳ ಮೇಲೆ ಎರಗುವ ನಾಯಿಗಳಿವೆ. ಆದರೆ ಕಾಲುದಾರಿಯ ಹಕ್ಕು ಹಾದುಹೋಗುವ ಹಕ್ಕು ಮಾತ್ರ. ಎಲ್ಲಿ ನಡೆಯಬಹುದು ಎಂಬುದರ ಜೊತೆಗೆ, ಎಲ್ಲಿ ನಡೆಯಬಾರದು ಎಂಬುದನ್ನೂ ಅದು ತೋರಿಸುತ್ತದೆ. ಗೆರೆ ಸ್ಪಷ್ಟವಾಗಿದ್ದಷ್ಟೂ ಬೆಳೆಗೆ ಒಳ್ಳೆಯದು. ದಾರಿ ಅಳಿಸಿದ ಹೊಲದಲ್ಲೇ ಜನ ದಿಕ್ಕು ತಪ್ಪಿ ಬೆಳೆ ತುಳಿಯುವುದು.

ಇಂದು ಬಿಟ್ಟುಹೋದ ದಾರಿಯೊಂದನ್ನು ನಕಾಶೆಗೆ ಸೇರಿಸಬೇಕಾದರೆ ಊರಿನವರು ಕೌನ್ಸಿಲ್‌ಗೆ ಅರ್ಜಿ ಹಾಕಿ, ಸಾಕ್ಷಿಯ ನಮೂನೆಗಳನ್ನು ತುಂಬಿಕೊಡುತ್ತಾರೆ. ಪ್ರಶ್ನೆಗಳು ಬಲು ಸರಳ. ಯಾವ ವರ್ಷದಿಂದ ಯಾವ ವರ್ಷದವರೆಗೆ ನಡೆದಿರಿ, ವಾರಕ್ಕೆ ಎಷ್ಟು ಸಲ, ಎಲ್ಲಿಗೆ, ಯಾತಕ್ಕೆ. ಗೇಟಿತ್ತೇ, ಬೀಗವಿತ್ತೇ. ಯಾರಾದರೂ ತಡೆದರೇ. ಕೊನೆಗೆ ಒಂದು ನಕಾಶೆಯ ಪ್ರತಿ: ನೀವು ನಡೆದ ದಾರಿಯನ್ನು ಇದರ ಮೇಲೆ ಗೆರೆ ಎಳೆದು ತೋರಿಸಿ, ಸಹಿ ಮಾಡಿ.