ಇವ ಯಾವ ರೆಜಿಮೆಂಟ್?

ತೊಂಬತ್ತರ ದಶಕದಲ್ಲಿ ಮೈಸೂರಿಂದ ಬಾಳೆಲೆಗೆ ಬಂದ ಮಾವ ನನಗೊಂದು ಜಿ.ಐ. ಜೋ ಗೊಂಬೆ ತಂದುಕೊಟ್ಟಿದ್ದರು. ಅಂಗೈಯಗಲದ ಪ್ಲಾಸ್ಟಿಕ್ ಸಿಪಾಯಿ. ಮಿಲಿಟರಿಯಿಂದ ರಿಟೈರ್ ಆಗಿದ್ದ ಅಜ್ಜ ಅದನ್ನ ತಿರುಗಿಸಿ ನೋಡಿ, "ಇವ ಯಾವ ರೆಜಿಮೆಂಟ್, ಮೋನೆ?" ಅಂದ್ರು. ಕಾರ್ಯಪ್ಪ, ತಿಮ್ಮಯ್ಯನವರ ಜಿಲ್ಲೆಯಲ್ಲಿ ಸಿಪಾಯಿ ಅಂತ ಯಾರೇ ಬಂದ್ರೂ ಕೇಳೋ ಮೊದಲ ಪ್ರಶ್ನೆ ಅದು. ಕಾರ್ಡಿನ ಹಿಂದೆ ಅವನ ಹೆಸರು, ರ‍್ಯಾಂಕ್, ಕಸುಬು ಎಲ್ಲಾ ಇಂಗ್ಲಿಷಲ್ಲಿ ಇತ್ತು. ಅಜ್ಜ ಕನ್ನಡಕ ಹಾಕ್ಕೊಂಡು ಓದಿದ್ರು. ರ‍್ಯಾಂಕ್ ಒಪ್ಪಿದ್ರು, ಅಂಗಿ ಒಪ್ಪಲಿಲ್ಲ. "ಈ ಗಿಳಿ ಹಸಿರು ಹಾಕ್ಕೊಂಡು ಕಾಡಿಗೆ ಹೋದ್ರೆ ಮೊದಲ ಗುಂಡು ಇವನಿಗೇ."

ಮರುವರ್ಷ ಅಮೆರಿಕದಲ್ಲಿದ್ದ ನೆಂಟರ ಮಗ ಬಂದ. ಅವನ ಹತ್ತಿರ ಅದೇ ಮುಖ, ಅದೇ ಟೋಪಿ, ಆದ್ರೆ ಮಾಸಲು ಹಸಿರು ಅಂಗಿ. "ನಿಂದು ಡೂಪ್ಲಿಕೇಟ್" ಅಂದ. ನನ್ನ ಸಿಪಾಯಿ ಅವತ್ತೇ ಅಟ್ಟ ಸೇರಿದ.

ಅದು ಡೂಪ್ಲಿಕೇಟ್ ಅಲ್ಲ ಅಂತ ಗೊತ್ತಾಗಿದ್ದು ಇಪ್ಪತ್ತು ವರ್ಷ ಕಳೆದ ಮೇಲೆ.

ಹ್ಯಾಸ್‌ಬ್ರೊ ಕಂಪನಿ ಜಿ.ಐ. ಜೋ ತಂದಿದ್ದು 1964ರಲ್ಲಿ, 12 ಇಂಚಿನ ಗೊಂಬೆಯಾಗಿ. ಗಂಡುಮಕ್ಕಳು ಗೊಂಬೆ ಆಡಲ್ಲ ಅನ್ನೋ ಭಯಕ್ಕೆ ಅವರು ಕಂಡುಹಿಡಿದ ಹೆಸರೇ 'ಆ್ಯಕ್ಷನ್ ಫಿಗರ್'. (ಹೆಸರು ಬದಲಾದ್ರೆ ಸಾಕು, ನಾವು ಆಡ್ತೀವಿ.) 1982ರಲ್ಲಿ ಅದೇ ಸಿಪಾಯಿ 3.75 ಇಂಚಿಗೆ ಇಳಿದು ಮತ್ತೆ ಬಂದ. ಸ್ಟಾರ್ ವಾರ್ಸ್ ಗೊಂಬೆಗಳು ಅಷ್ಟರಲ್ಲಿ ಆ ಅಳತೆಯನ್ನ ಗೆಲ್ಲಿಸಿದ್ದವು. ಈ ಸಾಲಿನಲ್ಲಿ ಇವತ್ತಿಗೂ ಜನ ಮುಗಿಬೀಳೋ ಸ್ನೇಕ್ ಐಸ್ ಅಡಿಯಿಂದ ಮುಡಿವರೆಗೆ ಕಪ್ಪಗಿದ್ದಿದ್ದು ಪೇಂಟಿನ ಖರ್ಚು ಉಳಿಸೋಕೆ. ಕಾರ್ಡ್ ಹಿಂದಿನ ಬರಹ ಬಹುಪಾಲು ಲ್ಯಾರಿ ಹಾಮಾ ಅವರದು. ಕಾಮಿಕ್ಸ್ ಬರೀತಿದ್ದ ಅವರು ಅಮೆರಿಕದ ಸೇನೆಯಲ್ಲೂ ಇದ್ದವರು. ಅಜ್ಜ ರ‍್ಯಾಂಕ್ ಒಪ್ಪಿದ್ದು ಯಾಕೆ ಅಂತ ನನಗೆ ಆಗ ಅರ್ಥವಾಯಿತು.

ಇನ್ನು ಬಣ್ಣದ ವಿಷಯ. ಗೊಂಬೆ ಎರಕ ಹೊಯ್ಯೋ ಉಕ್ಕಿನ ಅಚ್ಚು ಬಹಳ ದುಬಾರಿ. ಅಮೆರಿಕದಲ್ಲಿ ಕೆಲಸ ಮುಗಿದ ಅಚ್ಚುಗಳು ಬ್ರೆಜಿಲ್, ಅರ್ಜೆಂಟೀನಾ, ಭಾರತ ಅಂತ ಊರೂರು ತಿರುಗಿದವು. ನಮ್ಮಲ್ಲಿ ಅವನ್ನ ಬಳಸಿದ್ದು ಎಂ.ಆರ್.ಎಫ್. ಬಳಗದ ಫನ್‌ಸ್ಕೂಲ್. ಅಚ್ಚು ಬಂತು, ಅಮೆರಿಕದ ಬಣ್ಣಗಳು ಹಾಗೇ ಬರಲಿಲ್ಲ. ಹೀಗಾಗಿ ಹಸಿರು ಬೇರೆಯಾಯಿತು, ಕೆಲವಕ್ಕೆ ಇನ್ನೊಬ್ಬನ ಕೈಕಾಲು ಸೇರಿತು, ಅಮೆರಿಕದಲ್ಲಿ ಎಂದೂ ಇಲ್ಲದ ಹೆಸರಿನ ಸಿಪಾಯಿಗಳೂ ಹುಟ್ಟಿದರು. ನಮ್ಮ ಕಸುಬಿನ ಭಾಷೆಯಲ್ಲಿ, ಒಂದೇ ಸೋರ್ಸ್ ಕೋಡ್, ಬೇರೆ ಬೇರೆ ಬಿಲ್ಡ್. 1994ರಲ್ಲಿ ಹ್ಯಾಸ್‌ಬ್ರೊ ಆ ಸಾಲನ್ನ ನಿಲ್ಲಿಸಿದ ಮೇಲೂ ಇಲ್ಲಿ ತಯಾರಿ ನಡೀತಾನೇ ಇತ್ತು. 2000ದ ಆಸುಪಾಸಿನಲ್ಲಿ ಅಮೆರಿಕದವರೇ ಇವನ್ನ ಇಲ್ಲಿಂದ ತರಿಸಿಕೊಳ್ಳೋಕೆ ಶುರು ಮಾಡಿದ್ರು. ನನ್ನನ್ನ ನಾಚಿಸಿದ ಗಿಳಿ ಹಸಿರನ್ನ ಅವರು 'ವೇರಿಯಂಟ್' ಅಂತ ಕರೆದು ಗಾಜಿನ ಬೀರುವಿನಲ್ಲಿಟ್ಟರು.

ಕಾರ್ಡಿನಿಂದ ಬಿಡಿಸದೆ ಇದ್ರೆ ಬೆಲೆ ಇನ್ನೂ ಹೆಚ್ಚು. ಆದ್ರೆ ಕೊಡಗಿನ ಜೂನ್-ಜುಲೈನಲ್ಲಿ ಚಪ್ಪಲಿಗೇ ಬೂಷ್ಟು ಹಿಡಿಯುತ್ತೆ, ರಟ್ಟು ಎಷ್ಟು ದಿನ ಉಳಿದೀತು? ಅಟ್ಟದಲ್ಲಿ ಹುಡುಕಿದಾಗ ಕಾರ್ಡು ಕೈಗೆ ಪುಡಿಯಾಗಿ ಬಂತು. ಸಿಪಾಯಿ ಎರಡು ತುಂಡಾಗಿ ಬಿದ್ದಿದ್ದ. ಈ ಗೊಂಬೆಗಳ ಸೊಂಟವನ್ನ ಹಿಡಿದಿಡೋದು ಒಳಗಿನ ಸಣ್ಣ ರಬ್ಬರ್ ಉಂಗುರ, ಓ-ರಿಂಗ್. ವರ್ಷ ಕಳೆದಂತೆ ಅದು ಒಣಗಿ ಕಡಿದುಹೋಗುತ್ತೆ. ಒಂದು ಕೈಯ ಹೆಬ್ಬೆರಳೂ ಇರಲಿಲ್ಲ.

ಹೊರದೇಶದ ಕಲೆಕ್ಟರ್‌ಗಳು ಇದಕ್ಕಂತಲೇ ಸರಿಯಳತೆಯ ಉಂಗುರ ತರಿಸ್ತಾರೆ. ನಾನು ಗೋಣಿಕೊಪ್ಪದ ಪಂಪ್‌ಸೆಟ್ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯವರು ಡಬ್ಬ ಸುರಿದು, ಮೂರು ಉಂಗುರ ಹಾಕಿ ನೋಡಿ, ನಾಲ್ಕನೇದನ್ನ ಕೂರಿಸಿ, ಬೆನ್ನಿನ ಸ್ಕ್ರೂ ಬಿಗಿದ್ರು. ದುಡ್ಡು ಬೇಡ ಅಂದ್ರು.

ಈಗ ಬೆಂಗಳೂರಿನ ಮನೆಯ ಶೆಲ್ಫ್‌ನಲ್ಲಿ ಇಪ್ಪತ್ತಮೂರು ಗೊಂಬೆಗಳಿವೆ, ಹೆಚ್ಚಿನವು ಇವನಿಗಿಂತ ಚೆನ್ನಾಗಿವೆ. ಆದ್ರೂ ಇವ ಮುಂದಿನ ಸಾಲಿನಲ್ಲಿದ್ದಾನೆ. ಮಾರೋಕೆ ಹೋದ್ರೆ ಹೆಬ್ಬೆರಳಿಲ್ಲ, ಕಾರ್ಡಿಲ್ಲ, ರಿಂಗ್ ಒರಿಜಿನಲ್ ಅಲ್ಲ ಅಂತ ಬೆಲೆ ಕಮ್ಮಿ ಮಾಡ್ತಾರೆ. ಸೊಂಟ ಮಾತ್ರ ಸ್ವಲ್ಪ ಬಿಗಿ. ಕೂರಿಸೋಕೆ ಆಗಲ್ಲ, ಯಾವಾಗಲೂ ಅಟೆನ್ಷನ್‌ನಲ್ಲೇ ನಿಂತಿರ್ತಾನೆ.